ಹೆಸರಿನ ಕೆಳಗಿನ ಗೆರೆ

ಮಾರ್ಚ್ 27, ಸೋಮವಾರ

ಹಿರಿಯರ ಕಂಪ್ಯೂಟರ್ ಕ್ಲಾಸು. ಇವತ್ತೂ ಎಲ್ಲರೂ ಸಾಲು ಸಾಲಿಗೂ ಎಂಟರ್ ಒತ್ತಿದರು. ಬೇಡವೆಂದು ಹೇಳಿ ಹೇಳಿ ಗಂಟಲು ಒಣಗಿತು. ಆದರೆ ಮಲ್‌ಸುನ್ ಅಜ್ಜಿಯದೇ ಬೇರೆ ಕಥೆ. ಮೊಕ್ಪೊ ಬಂದರಿನಲ್ಲಿ ನಲವತ್ತು ವರ್ಷ ಮೀನು ಮಾರಿದವರು. ಮಗನಿಗೆ ಕಾಗದ ಬರೆಯಬೇಕಂತೆ. ಮುಂದಿನ ವಾರ ಗುರುವಾರ ಅವನಿಗೆ ಹೃದಯದ ಆಪರೇಷನ್, ಅಷ್ಟರೊಳಗೆ ಅವನು ಓದಬೇಕು. 'ಕಿ-ಹ್ಯೋನ್' ಅಂತ ಹೆಸರು ಟೈಪ್ ಮಾಡುವುದು, ಅಳಿಸುವುದು. ಮತ್ತೆ ಅದೇ.

"ಏನಾಯ್ತಮ್ಮಾ?"

"ಏನಿಲ್ಲ ಟೀಚರಮ್ಮ. ಈ ಮಿಷಿನ್ನಿಗೆ ನನ್ ಮಗನ್ನ ಕಂಡ್ರೆ ಆಗಲ್ಲ."

ಎದ್ದೇ ಹೋದರು. ನಾನೇನಾದರೂ ಅಂದೆನೇ?

ಮಾರ್ಚ್ 29

ಅಜ್ಜಿ ಬರಲಿಲ್ಲ. ಫೋನೂ ಎತ್ತಲಿಲ್ಲ. ಅಕ್ಷರ ಚಿಕ್ಕದಾಯಿತೋ, ನನ್ನ ದನಿ ದೊಡ್ಡದಾಯಿತೋ...

ಏಪ್ರಿಲ್ 3

ಅಜ್ಜಿಯ ಪಕ್ಕ ಕೂರುವ ತಕ್ ಯಜಮಾನರು, ಕ್ಷೌರದಂಗಡಿ ಇಟ್ಟಿದ್ದವರು, ನನ್ನನ್ನೇ ತರಾಟೆಗೆ ತೆಗೆದುಕೊಂಡರು.

"ನೀವ್ ಯಾವೂರೋರು ಟೀಚರಮ್ಮ? ಬದುಕಿರೋ ಮಗನ ಹೆಸರಿಗೆ ಕೆಂಪು ಹಚ್ತಾರಾ? ಅದೂ ಆಪರೇಷನ್ ಹೊತ್ತಲ್ಲಿ!"

ಕೆಂಪೇ? ಗೊತ್ತಿಲ್ಲದ ಪದ ಕಂಡರೆ ಅದರ ಕೆಳಗೆ ಪ್ರೋಗ್ರಾಂ ತಾನೇ ಎಳೆಯುವ ಕೆಂಪು ಗೆರೆ! ಮೂವತ್ತು ವರ್ಷ ಆಫೀಸಿನಲ್ಲಿ ನೋಡಿ ನೋಡಿ ನನಗದು ಕಾಣುವುದೇ ನಿಂತಿತ್ತು. ಕೆಂಪಲ್ಲಿ ಹೆಸರು ಬರೆದರೆ ಸಾವು ಅಂತ ನಮ್ಮಮ್ಮನೂ ನನ್ನ ಕೈಗೆ ಹೊಡೆದವಳೇ. ನಾಚಿಕೆಯಾಯಿತು.

ಏಪ್ರಿಲ್ 5, ಬುಧವಾರ

ಮನೆಗೇ ಹೋಗಿ ಕರೆತಂದೆ. ಕ್ಲಾಸಿನ ಕಂಪ್ಯೂಟರಿನಲ್ಲಿ ಗೆರೆ ಬಾರದಂತೆ ಮಾಡಿದೆ. ಅಜ್ಜಿ ತೆರೆಗೆ ಮೂಗು ತಾಗಿಸಿ ನೋಡಿದರು.

"ಹೋಯ್ತಾ? ಇಲ್ಲಾ ಒಳಗೆ ಬಚ್ಚಿಟ್ಕೊಂಡಿದ್ಯಾ?"

"ಹೋಯ್ತಮ್ಮಾ."

ನಿಜಕ್ಕೂ ಹೋಯಿತೇ? ನನಗೂ ಸರಿಯಾಗಿ ಗೊತ್ತಿಲ್ಲ. ಎರಡು ಗಂಟೆಯಲ್ಲಿ ಐದು ಸಾಲು ಬರೆದರು. ಪ್ರಿಂಟ್ ಹಿಡಿದು, ಮಗನಿರುವ ಆಸ್ಪತ್ರೆಗೆಂದು ಗ್ವಾಂಗ್‌ಜು ಬಸ್ ಹತ್ತಿದರು.

ಏಪ್ರಿಲ್ 6, ಬೆಳಿಗ್ಗೆ 10:40

ಆಸ್ಪತ್ರೆಯಿಂದ ಅಜ್ಜಿಯ ಫೋನು. ಮಗ ಓದಿ ನಕ್ಕನಂತೆ. "'ಅವ್ವಾ, ಕೊನೇಲಿ ನಿನ್ ಹೆಸರೇ ಹಾಕಿಲ್ವಲ್ಲ' ಅಂದ. ಸೇರ್ಸಿ ಇನ್ನೊಂದ್ ಕಳ್ಸಿ ಟೀಚರಮ್ಮ. ಎದ್ಮೇಲೆ ಓದ್ತಾನೆ."

ಅಜ್ಜಿಯ ಕಾಗದವಿದ್ದ ಪೆನ್‌ಡ್ರೈವ್ ಮನೆಯ ಕಂಪ್ಯೂಟರಿಗೆ ಹಾಕಿದೆ. ಅಜ್ಜಿಯ ಹೆಸರು ಸೇರಿಸಿದೆ. ಇಲ್ಲಿ ಗೆರೆ ಇದೆ. ತಾಯಿಗೂ, ಮಗನಿಗೂ. ಕೆಂಪಗೆ.

11:00

ಮಗನನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದಿರುತ್ತಾರೆ. ಮೂಢನಂಬಿಕೆ, ಗೊತ್ತು. ಗೊತ್ತಿದ್ದೂ ಮೆನುಗಳನ್ನು ಒಂದೊಂದಾಗಿ ತೆರೆದು ಹುಡುಕುತ್ತಿದ್ದೇನೆ. ಮನೆಯದು ಹೊಸ ಪ್ರೋಗ್ರಾಂ, ಒಂದೂ ಇದ್ದಲ್ಲಿ ಇಲ್ಲ. ಗೆರೆ ತೆಗೆಯುವುದು ಎಲ್ಲಿ... ಇಲ್ಲಿ ಒತ್ತಿದೆ, ಹೋಗಲಿಲ್ಲ... ಇದೂ ಅಲ್ಲ... ಕಿ-ಹ್ಯೋನನ ಗೆರೆಯನ್ನಾದರೂ ಮೊದಲು —