ಏನನ್ನೂ ಕೇಳದ ಆ್ಯಪ್

ಪ್ರೀತಿಯ ತಮ್ಮನಿಗೆ,

ನಾವಿಬ್ಬರೂ ಕ್ಷೇಮ. ಲಾಂಡ್ರಿಯಲ್ಲಿ ಕೆಲಸ ಸಿಕ್ಕಿದೆ. ಆಸ್ಪತ್ರೆಯ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುತ್ತೇನೆ. ಯಾರಾದರೂ ಬಾಗಿಲು ಬಡಿದರೆ ಮಗಳು ಈಗ ಮಂಚದ ಕೆಳಗೆ ಓಡುವುದಿಲ್ಲ.

ಅವಳ ಶಾಲೆಯ ಪಾಠ ಫೋನಿಗೇ ಬರುತ್ತದೆ. ಅದಕ್ಕೆ ಸಂಜೆ ಗ್ರಂಥಾಲಯದ ವೈಫೈ ಹಿಡಿಯುತ್ತೇವೆ. ನಾವು ಹೊರಡುವಾಗ ನೀನು "ಊರವರೆಲ್ಲ ಬಳಸೋ ವೈಫೈ ಹಿಡಿದರೆ ಅಕ್ಕಾ, ಮೊದಲು ಒಂದು ವಿಪಿಎನ್ ಆ್ಯಪ್ ಹಾಕ್ಕೋ, ಯಾರೂ ಇಣುಕೋಕಾಗಲ್ಲ" ಅಂದಿದ್ದೆಯಲ್ಲ, ಪುಕ್ಕಟೆ ಸಿಗುವಂಥದ್ದು ಹುಡುಕಿದೆ. ಒಂದು, ನಾನೆಲ್ಲಿದ್ದೇನೆಂದು ತಿಳಿಯಬೇಕು ಎಂದಿತು. ಇನ್ನೊಂದು, ಯಾರ್ಯಾರ ನಂಬರು ಇಟ್ಟುಕೊಂಡಿದ್ದೇನೆ ನೋಡಬೇಕು, ಮೆಸೇಜು ಓದಬೇಕು ಎಂದಿತು. ಎಲ್ಲ ನನ್ನ ರಕ್ಷಣೆಗಂತೆ. ನಿನ್ನ ಭಾವನೂ ಹಾಗೇ ಹೇಳುತ್ತಿದ್ದರು. 'ಅನುಮತಿಸಿ' ಎಂಬ ಬಟನ್ನಿನ ಹತ್ತಿರ ಬೆರಳು ಹಿಡಿದು ಸುಮಾರು ಹೊತ್ತು ಕೂತಿದ್ದೆ. ಒತ್ತಲಾಗಲಿಲ್ಲ. ಎರಡನ್ನೂ ಅಳಿಸಿಹಾಕಿದೆ.

ಏನನ್ನೂ ಕೇಳದಂಥದ್ದು ಒಂದಿದ್ದರೆ ಅದರ ಹೆಸರು ಬರೆದು ಕಳಿಸು. ನಿಧಾನವಾದರೂ ಪರವಾಗಿಲ್ಲ, ಮಗಳಿಗೆ ಕಾಯುವುದು ಅಭ್ಯಾಸವಾಗಿದೆ. ಫೋನಿನಲ್ಲೇ ಕೇಳಬಹುದಿತ್ತು, ಧೈರ್ಯ ಸಾಲಲಿಲ್ಲ. ಉತ್ತರ ಲಾಂಡ್ರಿಯ ಒಡತಿಯ ಹೆಸರಿಗೆ ಇರಲಿ, ಲಕೋಟೆಯ ಮೇಲೆ ನನ್ನ ಹೆಸರು ಬೇಡ. ವಿಳಾಸ ಈ ಹಾಳೆಯ ಹಿಂದಿದೆ. ಬಾಯಿಪಾಠ ಮಾಡಿಕೊಂಡು ಹರಿದುಬಿಡು.

ಭಾವ ನಿನ್ನ ಮೊಬೈಲ್ ಅಂಗಡಿಗೆ ಬಂದರೆ ಜಗಳಕ್ಕೆ ನಿಲ್ಲಬೇಡ. ಕುರ್ಚಿ ಹಾಕು, ನೀರು ಕೊಡು. "ನಿಮ್ಮಕ್ಕ ಎಲ್ಲೋ?" ಎಂದು ಕೇಳಿದರೆ, "ಅವಳ ಫೋನಿಗೇ ಗೊತ್ತಿಲ್ಲ ಭಾವ, ನನಗೆ ಹೇಗೆ ಗೊತ್ತಾಗಬೇಕು" ಅನ್ನು.

ಇಂತು,
ನಿನ್ನ ಅಕ್ಕ