ಅಂಗೈಯ ಆಚೆ ಶಾರ್ಕ್

ಅಪ್ಪಾಜಿ,

ಲಕ್ಷದ್ವೀಪದಿಂದ ನಿನ್ನೆ ಹನುಮಂತನಗರದ ಮನೆಗೆ ಬಂದೆ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕಿಳಿದು ಶಾರ್ಕ್ ನೋಡಿದೆ. ನೀವಿದ್ದಿದ್ದರೆ, “ಜಯನಗರದ ಈಜುಕೊಳ ಸಾಲ್ದೇ ಹೋಯ್ತಾ ಪುಟ್ಟಾ?” ಎಂದು ಬೈದು, ಆಮೇಲೆ ಫೋಟೋ ಕೇಳುತ್ತಿದ್ದಿರಿ.

ನಮ್ಮನ್ನು ನೀರಿಗಿಳಿಸಿದವಳು ಶಾಲಿನಿ, ವಸಂತಪುರದ ಹುಡುಗಿ. “ಶಾರ್ಕ್ ಬಂದ್ರೆ ಒದ್ದಾಡ್ಬೇಡಿ, ನಿಧಾನಕ್ಕೆ ಉಸಿರಾಡ್ತಾ ಇರಿ. ಅದರ ಪಾಡಿಗೆ ಅದು ಹೋಗುತ್ತೆ,” ಅಂದಿದ್ದಳು. ಬಂತು. ಬೂದು ಬಣ್ಣ, ನನಗಿಂತ ಉದ್ದ. ಹವಳದ ದಿಬ್ಬದ ಹಿಂದಿನಿಂದ ನೇರ ನನ್ನ ಕಡೆಗೇ. ಆ ಗಾಬರಿಯಲ್ಲಿ ನೆನಪಾಗಿದ್ದು ನಿಮ್ಮ ಬೆಳಗಿನ ಪೂಜೆ: ಎಡ ಅಂಗೈಯಲ್ಲಿ ಇಷ್ಟಲಿಂಗ, ಮಿಟುಕಿಸದ ಕಣ್ಣು, ಇದೆಯೋ ಇಲ್ಲವೋ ಎಂಬಂಥ ಉಸಿರು. ನನ್ನ ಎಡಗೈ ತಾನಾಗಿಯೇ ಎದೆಯೆದುರು ತೆರೆದುಕೊಂಡಿತು. ಬರಿಗೈ. ಅದರಾಚೆ ಬರುತ್ತಿದ್ದ ಶಾರ್ಕನ್ನೇ ದಿಟ್ಟಿಸುತ್ತ ನಿಮ್ಮಂತೆ ಉಸಿರಾಡಿದೆ. ಅದು ನನಗೊಂದು ಪ್ರದಕ್ಷಿಣೆ ಹಾಕಿ ಹೊರಟುಹೋಯಿತು.

ದೋಣಿ ಹತ್ತಿದ ಮೇಲೆ ಶಾಲಿನಿ ನನ್ನ ಸಿಲಿಂಡರಿನ ಮೀಟರ್ ನೋಡಿ, “ಅಕ್ಕಾ, ಅರ್ಧ ಗಾಳಿ ಹಾಗೇ ಇದೆಯಲ್ಲಾ! ಹೀಗೆ ಉಸಿರಾಡೋದು ಎಲ್ಲಿ ಕಲ್ತ್ರಿ?” ಅಂದಳು.

“ನಮ್ಮಪ್ಪಾಜಿ ಹತ್ರ,” ಅಂದೆ. ಎಷ್ಟು ಸಲೀಸಾಗಿ ಅಂದುಬಿಟ್ಟೆ ನೋಡಿ.

ಪೂಜೆಗೆ ಕೂರುವಾಗ ನೀವು ದಿನಾ ಪಕ್ಕದಲ್ಲಿ ನನಗೂ ಒಂದು ಮಣೆ ಹಾಕುತ್ತಿದ್ದಿರಿ. “ನಾಳೆ ಕೂತ್ಕೋತೀನಿ ಅಪ್ಪಾಜಿ,” ಅನ್ನುತ್ತ ನಾನು ಅದನ್ನು ದಾಟಿಕೊಂಡು ಬಸ್ಸಿಗೆ ಓಡುತ್ತಿದ್ದೆ.

ಇವತ್ತು ಬೆಳಿಗ್ಗೆ ಎರಡೂ ಮಣೆ ಹಾಕಿದೆ. ನನ್ನದರ ಮೇಲೆ ಕೂತೆ.