ಬೋರ್ಡಿನ ಮೇಲಿನ ಒಂದು

ವಿಠ್ಠಲವಾಡಿ
ಸೋಮವಾರ, ೧೦ ನವೆಂಬರ್ ೨೦೨೫

ಕಾಂಚನಕ್ಕಾ,

ನಿನಗೂ ಮಾವನಿಗೂ ಗುರುನಾಥನ ನಮಸ್ಕಾರ. ನೀನು ಎಷ್ಟು ಸಲ ಫೋನು ಮಾಡಿದರೂ ನಾನು ಕಟ್ ಮಾಡಿದೆ, ಸಿಟ್ಟಾಗಬೇಡ. ನೀನು ಮೊದಲು ಕೇಳುವುದೇ "ಯಾಕೋ, ಮಲ್ಲಿಕಾ ಕೂಸಿನ್ನ ಕಟಗೊಂಡು ಒಬ್ಬಾಕೀನ ಯಾಕ ಬಂದಾಳ?" ಎಂದು. ಅದಕ್ಕೇ ಈ ಕಾಗದ. ಹತ್ತನೇ ಕ್ಲಾಸು ಮುಗಿದ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು, ತಪ್ಪಿದ್ದರೆ ನಗಬೇಡ.

ನಮ್ಮ ಕೂಸು ಪ್ರಥಮನ ನೆಗಡಿ ಕಡಿಮೆಯಾಯಿತೇ? ಕಾಲಿಗೆ ಸಾಕ್ಸು ಹಾಕು. ಕಿತ್ತು ಒಗೆಯುತ್ತಾನೆ, ಮತ್ತೆ ಹಾಕು.

ಡೊಂಬಿವಲಿಯ ಕೆಮಿಕಲ್ ಕಂಪನಿ ಬಿಟ್ಟೆ. ನಿಂತಲ್ಲಿ ನಿಲ್ಲುವ ಕಾಲಲ್ಲ ನನ್ನದು ಎಂದು ಅವ್ವ ಬೈಯುತ್ತಿದ್ದಳಲ್ಲ. ಈಗ ಫ್ಲೆಕ್ಸ್ ಕಟ್ಟುವ ಕೆಲಸ. ಇಲ್ಲಿ ಯಾರು ಹುಟ್ಟಿದರೂ ಸತ್ತರೂ ನಾಕಾದಲ್ಲಿ, ನಾಲ್ಕು ರಸ್ತೆ ಕೂಡುವಲ್ಲಿ, ಫ್ಲೆಕ್ಸ್ ಏಳಬೇಕು. ಮೇಲೆ ಲೀಡರಿನ ದೊಡ್ಡ ಮುಖ, ಕೆಳಗೆ ಬೆಂಬಲಿಗರ ಸಣ್ಣ ಮುಖಗಳ ಸಾಲು. ಅಷ್ಟೊಂದು ಜನರ ಮುಖ ಕಟ್ಟಿದ್ದೇನೆ, ನನ್ನದು ಒಮ್ಮೆಯೂ ಇರಲಿಲ್ಲ.

ನಮ್ಮ ಗಲ್ಲಿಯಲ್ಲಿ ಮಂಗಳೂರು ಕಡೆಯ ದೇವದಾಸಣ್ಣ ಅಂತ ಒಬ್ಬರಿದ್ದಾರೆ. ಹೋಟೆಲಿದೆ, ಲೀಡರಾಗುವ ಆಸೆಯೂ ಇದೆ. ಹೊಟ್ಟೆಯಲ್ಲೇ ಹೆಣ್ಣುಕೂಸು ತೆಗೆಸುವುದು ನಿಲ್ಲಬೇಕಾದರೆ ಯಾವ ಗಲ್ಲಿಯಲ್ಲಿ ಎಷ್ಟು ಗರ್ಭಪಾತ ಆಯಿತೆಂದು ಸರ್ಕಾರ ಜನರ ಮುಂದೆ ಇಡಬೇಕು, ರಾಜ್ಯ ಅದಕ್ಕೊಂದು ಕಾಯಿದೆ ತರಬೇಕು ಎಂದು ಅವರು ಚಳವಳಿ ಎಬ್ಬಿಸಿದರು. ಅಂಥದ್ದನ್ನೆಲ್ಲ ಮುಚ್ಚಿಡಬೇಕಲ್ಲ ಎಂದೆ.

"ಎಂಥ ಮಾರಾಯ, ಹೆಸರು ಹಾಕ್ಲಿಕ್ಕುಂಟಾ? ಬರೀ ನಂಬರ್. ನಂಬರಿಗೆ ಮುಖ ಉಂಟಾ? ನಿನ್ನ ಮುಖ ಬೇಕಾದ್ರೆ ಹಾಕುವ, ಫೋಟೋ ಕೊಡು."

ನಮ್ಮ ಮದುವೆಯ ಫೋಟೋದಿಂದ ನನ್ನದನ್ನಷ್ಟೇ ಕತ್ತರಿಸಿ ಕೊಟ್ಟೆ.

ಅಕ್ಕಾ, ನಿನಗೆ ತಿಳಿಸದ ಮಾತೊಂದಿದೆ. ಶ್ರಾವಣಕ್ಕೂ ಮುಂಚೆ ಮಲ್ಲಿಕಾ ಮತ್ತೆ ಬಸಿರಾಗಿದ್ದಳು. ಪ್ರಥಮ ಇನ್ನೂ ಎದೆಹಾಲು ಬಿಟ್ಟಿರಲಿಲ್ಲ, ಅವಳ ಮೈಯಲ್ಲಿ ರಕ್ತವಿರಲಿಲ್ಲ. ಕಲ್ಯಾಣದ ಆಸ್ಪತ್ರೆಯಲ್ಲಿ ಕಾನೂನಿನ ಪ್ರಕಾರವೇ ತೆಗೆಸಿದೆವು. ಗಂಡೋ ಹೆಣ್ಣೋ ನಮಗೆ ಗೊತ್ತೂ ಇಲ್ಲ.

ಫ್ಲೆಕ್ಸ್ ಬಂತು. ಏಣಿ ಹತ್ತಿ ಬಿಚ್ಚಿದೆ. "ನಮ್ಮ ಗಲ್ಲಿಯಲ್ಲಿ ಈ ವರ್ಷದ ಗರ್ಭಪಾತ: ೧. ಎಲ್ಲ ಗಲ್ಲಿಗಳ ಲೆಕ್ಕ ಕೊಡಿ, ಕಾಯಿದೆ ತನ್ನಿ!" ದೇವದಾಸಣ್ಣ ಆ ಲೆಕ್ಕ ಯಾರಿಂದ ತಂದರೋ ತಿಳಿಯದು. ಆ ಒಂದು ಯಾರೆಂದು ಏಣಿಯ ಮೇಲೇ ನನಗೆ ಹೊಳೆಯಿತು. ಸುತ್ತಿಕೊಂಡು ಇಳಿಯಬಹುದಿತ್ತು. ಆದರೆ ಕೆಳಸಾಲಿನಲ್ಲಿ ನನ್ನ ಮುಖವಿತ್ತು, ಹುಡುಗರು "ಗುರುಭಾವೂ!" ಎಂದು ಸೀಟಿ ಹೊಡೆಯುತ್ತಿದ್ದರು. ನಾಲ್ಕೂ ಮೂಲೆ ಬಿಗಿದು ಕಟ್ಟಿದೆ.

ಮಲ್ಲಿಕಾ ನೋಡಿ ಬಂದು ಇಷ್ಟೇ ಅಂದಳು: "ನಂದೂ ಫೋಟೋ ಹಾಕಸಬೇಕಿತ್ತು, ಮ್ಯಾಲಿನ ಸಾಲಿಗೆ."

ನೂರು ಎಂದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಒಂದು ಎಂದಾಗ ಎಲ್ಲರೂ ಹುಡುಕಿದರು. ಕೊನೆಯ ಖೋಲಿಯ ಚಂದವ್ವನ ಮಗಳು ಅಶ್ಮಿತಾ, ಕಾಲೇಜಿನ ಹುಡುಗಿ, ಕಾಮಣಿಯಾಗಿ, ಕಣ್ಣೆಲ್ಲ ಹಳದಿಯಾಗಿ, ವಾಶಿಯ ಅತ್ತೆಯ ಮನೆಯಲ್ಲಿದ್ದು ಬಡಕಲಾಗಿ ಬಂದಿದ್ದಳು. ಅನುಮಾನ ಅವಳಿಗೆ ಅಂಟಿತು. ಹುಡುಗಿ ಕಾಲೇಜು ಬಿಟ್ಟು ಬಾಗಿಲು ಹಾಕಿಕೊಂಡಳು. ಒಂದು ದಿನ ನಳದ ಮುಂದೆ ಒಬ್ಬಾಕೆ ಕೇಳಿಯೇ ಬಿಟ್ಟಳು:

"ಚಂದವ್ವಾ, ಮಗಳ ಕಾಮಣಿ ಇಳೀತೇನು? ಗಂಡಿತ್ತೋ, ಹೆಣ್ಣಿತ್ತೋ?"

ಹೆಂಗಸರು ನಕ್ಕರು. ಚಂದವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಗ ಮಲ್ಲಿಕಾ ಸರತಿಯಿಂದ ಹೊರಗೆ ಬಂದಳು. "ಆ ಹುಡುಗೀನ್ನ ಬಿಡ್ರಿ. ಬೋರ್ಡಿನ ಮ್ಯಾಲಿನ ಒಂದು ನಾನು."

ಅದೇ ಸಂಜೆ ಅವಳು ನಿನ್ನೂರಿನ ಬಸ್ಸು ಹತ್ತಿದಳು. ಅಶ್ಮಿತಾ ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. ಫ್ಲೆಕ್ಸ್ ನಾನೇ ಇಳಿಸಿದೆ. ದೇವದಾಸಣ್ಣ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ.

ಇಷ್ಟಕ್ಕೇ ಮನೆ ಬಿಟ್ಟಳೇ ಎಂದು ಕೇಳುತ್ತೀ. ಇಷ್ಟಕ್ಕಲ್ಲ. ಇಲ್ಲಿಯವರೆಗೆ ಬರೆದದ್ದನ್ನು ಅವಳಿಗೆ ಓದಿ ಹೇಳು. ಅವಳು ಕರೆದರೆ ಬರುತ್ತೇನೆ. ನಿನ್ನ ನೆರಳಲ್ಲಿ ಅವರಿಬ್ಬರೂ ತಣ್ಣಗಿರಲಿ. ನನಗೂ ಒಂದಿಷ್ಟು ಆಶೀರ್ವಾದ ಉಳಿದಿದ್ದರೆ ಮಾಡು.

ನಿನ್ನ ತಮ್ಮ,
ಗುರುನಾಥ

ತಾ.ಕ.: ನಳದ ಮುಂದೆ ಅವಳು ಹಾಗೆ ಅಂದಾಗ ನಾನು ಅಲ್ಲೇ, ಎದುರಿನ ಹೋಟೆಲಿನ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದೆ. ಎಲ್ಲರೂ ನನ್ನ ಕಡೆ ತಿರುಗಿದರು. "ಎಂಥದು ಗುರು, ನಿನಗೆ ಗೊತ್ತುಂಟಾ ಇದು?" ಎಂದು ದೇವದಾಸಣ್ಣ ಕೇಳಿದರು. ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನು. ಬರುವಾಗ ರಿಕ್ಷಾದಲ್ಲಿ ನನ್ನ ಹೆಗಲಿಗೆ ಒರಗಿ "ನೀ ಇದ್ದೀ ಅಂತ ನನಗ ಅಂಜಿಕಿ ಆಗಲಿಲ್ಲ" ಅಂದಿದ್ದಳು. ನಾನು ಎದ್ದು ನಿಂತು, ನಾಲ್ಕು ಜನರಿಗೆ ಕೇಳುವ ಹಾಗೆ, "ಇಲ್ಲಣ್ಣಾ, ನನಗೇನೂ ಗೊತ್ತಿಲ್ಲ. ನನಗ ಹೇಳದ ಮಾಡ್ಯಾಳ" ಅಂದೆ. ಇದನ್ನು ಅವಳಿಗೆ ಓದಬೇಡ ಅಕ್ಕಾ. ಅವಳು ಅಲ್ಲೇ ನಿಂತು ಕೇಳಿದ್ದಾಳೆ.